ಕಾಣದ ಕತ್ತುನೋವು

ಜ್ವರ ಬಂದವರ ಮೈಯನ್ನು ಮುಟ್ಟಿ ನೋಡಬಹುದು. ಗಾಯವನ್ನು ಕಣ್ಣಾರೆ ಕಾಣಬಹುದು. ಕತ್ತುನೋವು ಹಾಗಲ್ಲ. ಆದುದರಿಂದ ಅದನ್ನು ಅನುಭವಿಸುವವರ ಮಾತನ್ನು ಮನೆಯವರು ಮೊದಲು ನಂಬುವರು, ಆಮೇಲೆ ಸಹಿಸುವರು, ಕಡೆಗೆ ಸಂಶಯಿಸುವರು. ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಇದನ್ನು ಹೇಳಿಕೊಳ್ಳುವುದು ನಮಗೆ ಹಿತವಲ್ಲವಾದರೂ, ವಾಚಕರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ನಮ್ಮ ಅತ್ತಿಗೆಯವರು ಕುಳಿತಿದ್ದ ಕಾರಿಗೆ ಹಿಂದಿನಿಂದ ಮತ್ತೊಂದು ವಾಹನವು ತಾಗಿತು. ರಕ್ತ ಬರಲಿಲ್ಲ, ಎಲುಬು ಮುರಿಯಲಿಲ್ಲ. ಆದರೆ ಕತ್ತಿನ ಬುಡದಿಂದ ಬಲಹೆಗಲಿನವರೆಗೆ ಅಂದು ಹಿಡಿದ ನೋವು ಮೂರು ವರ್ಷ ಬಿಡಲಿಲ್ಲ. ಹೆಗಲಿಗೆ ಎಣ್ಣೆ ತಿಕ್ಕಿದೆವು, ಶಾಖ ಕೊಟ್ಟೆವು, ಹೆಗಲಿನ ಎಕ್ಸ್‌ರೇ ತೆಗೆಸಿದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ವ್ಯಾಯಾಮದಿಂದಲೂ ಮಾತ್ರೆಗಳಿಂದಲೂ ಗುಣ ಕಾಣಲಿಲ್ಲ. ಕತ್ತಿನ ಎಂ.ಆರ್.ಐ. ವರದಿಯಲ್ಲಿ ‘ವಯಸ್ಸಿಗೆ ತಕ್ಕ ಸವೆತ’ ಎಂದಷ್ಟೇ ಇತ್ತು. ಅನಂತರ ಅತ್ತಿಗೆಯವರು ಬಿಂದಿಗೆ ಎತ್ತಲಾರೆನೆಂದಾಗಲೆಲ್ಲ ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಿದ್ದೆವು. ಅವರು ಅದನ್ನು ಗಮನಿಸಿ, ನೋವಿನ ಮಾತನ್ನೇ ಬಿಟ್ಟುಬಿಟ್ಟರು.

ಕೊನೆಗೆ ನೋವಿನ ಚಿಕಿತ್ಸೆಯಲ್ಲಿ ನುರಿತ ವೈದ್ಯರೊಬ್ಬರು ವಿಷಯವನ್ನು ಬಿಡಿಸಿ ಹೇಳಿದರು. ಕತ್ತಿನಲ್ಲಿ 7 ಎಲುಬುಗಳಿವೆ. ಎರಡನೆಯದರಿಂದ ಕೆಳಕ್ಕೆ, ಒಂದು ಎಲುಬು ಮತ್ತೊಂದನ್ನು ಸೇರುವಲ್ಲಿ ಹಿಂಭಾಗದ ಎಡಬಲಗಳಲ್ಲಿ ಒಂದೊಂದು ಸಣ್ಣ ಕೀಲು ಇರುವುದು. ಇವಕ್ಕೆ ಫೆಸೆಟ್ ಕೀಲುಗಳೆಂದು ಹೆಸರು. ಹೆಂಚು ಒಡೆದಿರುವುದು ಒಂದು ಕಡೆ, ನೀರು ತೊಟ್ಟಿಕ್ಕುವುದು ಇನ್ನೊಂದು ಕಡೆ ಎಂಬಂತೆ, ಈ ಕೀಲುಗಳ ನೋವು ದೂರದಲ್ಲಿ ತೋರುವುದುಂಟು. 1990ರಲ್ಲಿ ಡ್ವಯರ್, ಏಪ್ರಿಲ್, ಬೊಗ್ಡುಕ್ ಎಂಬ ವೈದ್ಯರು ನೋವಿಲ್ಲದ ಸ್ವಯಂಸೇವಕರ ಕೀಲುಗಳಿಗೆ ಸೂಜಿಮದ್ದು ತುಂಬಿ, ಯಾವ ಕೀಲಿನ ನೋವು ಎಲ್ಲಿ ತೋರುವುದೆಂದು ನಕ್ಷೆ ಬರೆದರು. 2 ಮತ್ತು 3ನೆಯ ಎಲುಬುಗಳ ನಡುವಣ ಕೀಲಿನ ನೋವು ತಲೆಯ ಹಿಂಭಾಗದ ಕಡೆಗೆ ಏರುವುದು. 5 ಮತ್ತು 6ನೆಯವುಗಳ ನಡುವಣದು ಹೆಗಲಿಗೆ ಇಳಿಯುವುದು.

ನಕ್ಷೆಯು ದಿಕ್ಕನ್ನು ತೋರಿಸೀತೇ ಹೊರತು ನಿಶ್ಚಯಿಸಲಾರದು. ನೋವಿಲ್ಲದವರ ಕತ್ತಿನಲ್ಲಿಯೂ ಸವೆತ ಕಾಣುವುದಾದ್ದರಿಂದ ಚಿತ್ರವೂ ಸಾಲದು. ಆದಕಾರಣ ಸಂಶಯದ ಕೀಲಿಗೆ ಹೋಗುವ ಎರಡು ಸಣ್ಣ ನರಗಳ ಬಳಿ, ಎಕ್ಸ್‌ರೇ ನೋಡುತ್ತ, ಮರಗಟ್ಟಿಸುವ ಮದ್ದನ್ನು ಕೆಲವೇ ಹನಿ ಬಿಡುವರು. ನೋವು ಅಡಗಿದರೆ ಮೂಲವು ಆ ಕೀಲಿರಬಹುದು. ಆದರೆ ಬರಿಯ ಭರವಸೆಯಿಂದಲೂ ನೋವು ತಗ್ಗುವುದುಂಟು. ಆದ್ದರಿಂದ ಬೇರೊಂದು ದಿನ ಬೇರೊಂದು ಮದ್ದಿನಿಂದ ಮತ್ತೆ ಪರೀಕ್ಷಿಸುವರು. ಲಿಗ್ನೋಕೇನಿನ ಪ್ರಭಾವ ಅಲ್ಪಕಾಲದ್ದು, ಬ್ಯುಪಿವಕೇನಿನದು ದೀರ್ಘವಾದುದು. ಯಾವ ದಿನ ಯಾವುದೆಂಬುದನ್ನು ರೋಗಿಗೆ ತಿಳಿಸುವುದಿಲ್ಲ. ಉಪಶಮನದ ಅವಧಿಯು ಮದ್ದಿಗೆ ತಕ್ಕಂತೆ ಬದಲಾದರೆ ನಿರ್ಣಯ ಗಟ್ಟಿಯಾಗುವುದು.

ಅತ್ತಿಗೆಯವರು ಹಾಲಿನ ಲೆಕ್ಕದ ಪುಸ್ತಕದಲ್ಲಿ ಗಂಟೆಗಂಟೆಗೂ ಗುರುತು ಹಾಕಿದರು. ಮೊದಲ ಸಲ ಎರಡು ಗಂಟೆ ನೋವಿರಲಿಲ್ಲ. ಎರಡನೆಯ ಸಲ ದೀಪ ಹಚ್ಚುವ ಹೊತ್ತಿನವರೆಗೂ ಇರಲಿಲ್ಲ. ಅಂದು ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿಯನ್ನು ತಾವೇ ಇಳಿಸಿದರು. ನೋವು ಮರಳಿದಾಗ ಕಣ್ಣೀರು ತಂದುಕೊಂಡು, “ನಾನು ಸುಳ್ಳು ಹೇಳಿರಲಿಲ್ಲವಲ್ಲ” ಎಂದರು. ನಮಗೆ ತಲೆಯೆತ್ತಲಾಗಲಿಲ್ಲ.

ಹೀಗೆ ಮೂಲ ಸಿಕ್ಕವರಿಗೆ ಆ ನರಗಳನ್ನು ರೇಡಿಯೋ ತರಂಗಗಳ ಕಾವಿನಿಂದ ಸುಡುವ ಚಿಕಿತ್ಸೆಯಿದೆ. 1996ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ ವಾಹನಾಪಘಾತದಿಂದ ನೊಂದ 24 ಮಂದಿಯಿದ್ದರು. ನೋವು ಮೊದಲಿನ ಅರ್ಧದಷ್ಟಕ್ಕೆ ಮರಳಲು, ಮಧ್ಯಮ ಲೆಕ್ಕದಲ್ಲಿ, ಕಾವು ಪಡೆದವರಿಗೆ 263 ದಿನ ಹಿಡಿಯಿತು. ಬರಿಯ ಸೂಜಿ ಚುಚ್ಚಿಸಿಕೊಂಡವರಿಗೆ 8 ದಿನ. ನರವು ಮತ್ತೆ ಬೆಳೆಯುವುದರಿಂದ ಇದು ಶಾಶ್ವತವಲ್ಲ. ಬೇಕಾದರೆ ಪುನಃ ಮಾಡಬಹುದು. ಅತ್ತಿಗೆಯವರಿಗೂ ಇದನ್ನೇ ಮಾಡಿದರು. ಈಗ ಬಿಂದಿಗೆ ಎತ್ತುತ್ತಾರೆ.

ಎಲ್ಲ ಕತ್ತುನೋವೂ ಕೀಲಿನದಲ್ಲ. ಕೈಯಲ್ಲಿ ಬಲ ಕುಂದಿದರೆ, ನಡಿಗೆ ತಪ್ಪಿದರೆ, ಜ್ವರವಿದ್ದರೆ, ಕಾರಣವಿಲ್ಲದೆ ಮೈ ಇಳಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಮೂಲವನ್ನು ಹುಡುಕುವ ಕೆಲಸ ವೈದ್ಯರದು. ಅದು ಸಿಕ್ಕುವವರೆಗೆ ನೊಂದವರ ಮಾತನ್ನು ನಂಬಿರುವುದು ಮನೆಯವರ ಕೆಲಸ; ಅದನ್ನು ನಾವು ಮೂರು ವರ್ಷ ಮಾಡಲಿಲ್ಲ.