ಕಡಲಿನ ಮೇಲಿನ ಜೂಜು

ಗಾಂಧಿಬಜಾರಿನಲ್ಲಿ ಹೂವು ಕೊಳ್ಳುವುದು ಸುಲಭವಾದ ವಿದ್ಯೆಯಲ್ಲ. ಮೊಳವೆಂದರೆ ಯಾರ ಮೊಳ, ಮಾರುವವಳದೋ ಕೊಳ್ಳುವವರದೋ ಎಂಬ ವ್ಯಾಜ್ಯವು ಅಲ್ಲಿ ದಿನವೂ ನಡೆಯುತ್ತದೆ. ಈ ವಿದ್ಯೆಯಲ್ಲಿ ಪಾರಂಗತರಾದ ಮಿತ್ರರೊಬ್ಬರು ನನಗುಂಟು. ರಾಯರೆಂದರೆ ಸಾಕು, ಪೂರ್ತಿ ಹೆಸರು ಬೇಡ. ಮೂವತ್ತೈದು ವರ್ಷ ಪರರ ಲೆಕ್ಕಪತ್ರಗಳನ್ನು ತನಿಖೆಮಾಡಿ ನಿವೃತ್ತರಾದವರು. ಒಂದು ಕಟ್ಟು ಕೊತ್ತಂಬರಿಸೊಪ್ಪಿಗೂ ಅವರ ಮನೆಯ ಖರ್ಚಿನ ಪುಸ್ತಕದಲ್ಲಿ ಸ್ಥಾನವುಂಟು. ಇಂಥವರು ಕಡಲಿನ ಮೇಲೆ ಒಂದೇ ರಾತ್ರಿಯಲ್ಲಿ ಒಂದು ತಿಂಗಳ ಪಿಂಚಣಿಯನ್ನು ಕಳೆದುಕೊಂಡರು. ಅದು ಹೇಗೆ ಸಾಧ್ಯವಾಯಿತೆಂದು ನಾನು ಬಹಳ ದಿನ ಆಲೋಚಿಸಿದ್ದೇನೆ.

ಅವರ ಮಗನಿರುವುದು ಸಿಂಗಪುರದಲ್ಲಿ. ಅವನ ಆಹ್ವಾನದ ಮೇರೆಗೆ ನಾವು ಎರಡು ಮನೆಯವರೂ ಅಲ್ಲಿಂದ ಹೊರಡುವ ವಿಹಾರದ ಹಡಗೊಂದನ್ನು ಹತ್ತಿದೆವು. ಹಡಗೆಂದರೆ ಒಂದು ಸಣ್ಣ ಪಟ್ಟಣವೇ ಸರಿ. ಅದರ ಒಂದು ಅಂತಸ್ತಿನಲ್ಲಿ ಜೂಜಿನ ಶಾಲೆ. ಹಡಗು ರೇವನ್ನು ಬಿಟ್ಟು ದೂರ ಸರಿದ ಮೇಲೆಯೇ ಅದರ ಬಾಗಿಲು ತೆರೆಯುವುದು. ನೆಲದ ಮೇಲಿನ ಕಾನೂನು ನೀರಿನ ಮೇಲೆ ಸಡಿಲವಾಗುವುದೆಂಬುದು ಹಳೆಯ ಅನುಭವ. ನಮ್ಮ ನೆರೆಯ ಗೋವೆಯೂ ಇದನ್ನು ಬಲ್ಲದು. 1976ರ ತನ್ನ ಜೂಜಿನ ಶಾಸನವನ್ನು 1992ರಲ್ಲಿಯೂ 1996ರಲ್ಲಿಯೂ ತಿದ್ದಿ, ಮೊದಲು ದೊಡ್ಡ ಹೋಟೆಲುಗಳಲ್ಲಿ ಯಂತ್ರದ ಜೂಜಿಗೂ, ಆಮೇಲೆ ಹಡಗುಗಳ ಮೇಲಿನ ಜೂಜಿಗೂ ಅಲ್ಲಿ ಅವಕಾಶ ಕೊಟ್ಟರು. ಪಣಜಿಯ ಮಾಂಡೋವಿ ನದಿಯಲ್ಲಿ ಲಂಗರು ಹಾಕಿದ ಜೂಜಿನ ಹಡಗುಗಳನ್ನು ನೋಡದ ಪ್ರವಾಸಿಗಳು ವಿರಳ.

ಒಳಗೆ ಹೋಗಿ ನಿಂತರೆ ಗಡಿಯಾರವಿಲ್ಲ. ಕಡಲು ಕಾಣುವಂತೆ ಒಂದು ಕಿಟಕಿಯೂ ಇಲ್ಲ. ಹಗಲೋ ಇರುಳೋ ತಿಳಿಯದು. ನಾಣ್ಯ ನೋಟುಗಳ ಬದಲು ಬಣ್ಣಬಣ್ಣದ ಬಿಲ್ಲೆಗಳು. ನಮ್ಮ ರೂಪಾಯಿ ಮೊದಲು ಡಾಲರಾಯಿತು, ಡಾಲರು ಬಿಲ್ಲೆಯಾಯಿತು. ಬೆವರು ಸುರಿಸಿ ಗಳಿಸಿದ್ದು ಎರಡು ಸಲ ವೇಷ ಬದಲಿಸಿದ ಮೇಲೆ ಯಜಮಾನನಿಗೇ ಅದರ ಗುರುತು ಹತ್ತುವುದಿಲ್ಲ.

ತಿರುಗುವ ಚಕ್ರದ ಮುಂದೆ ರಾಯರು ಕುಳಿತರು. ನಾನು ನೋಡಿದ ಆ ಚಕ್ರದಲ್ಲಿ ಒಂದರಿಂದ 36ರವರೆಗಿನ ಅಂಕೆಗಳು, ಅರ್ಧ ಕೆಂಪು, ಅರ್ಧ ಕಪ್ಪು. ಅವುಗಳ ನಡುವೆ ಹಸಿರು ಬಣ್ಣದ ಒಂದು ಸೊನ್ನೆ. ಒಟ್ಟು 37 ಮನೆ. ಗೆದ್ದ ಅಂಕೆಗೆ ಕೊಡುವುದು ಪಣದ 35 ಪಾಲು. ಒಬ್ಬನು ಎಲ್ಲ ಮನೆಗಳ ಮೇಲೂ ಹತ್ತು ಹತ್ತು ಡಾಲರಿಟ್ಟನೆನ್ನಿ. ಅವನು ಹೂಡಿದ್ದು 370. ಗೆದ್ದ ಮನೆಯ ಪಣವೂ ಸೇರಿ ಅವನಿಗೆ ಹಿಂದಕ್ಕೆ ಬರುವುದು 360. ಉಳಿದ ಹತ್ತು, ಅಂದರೆ ನೂರಕ್ಕೆ ಸುಮಾರು 2.7, ಶಾಲೆಯ ಯಜಮಾನನಿಗೆ. ಇದರಲ್ಲಿ ಮೋಸವಿಲ್ಲ, ಗುಟ್ಟೂ ಇಲ್ಲ. ಆ ಸೊನ್ನೆಯು ಎಲ್ಲರೆದುರಿಗೂ ಕುಳಿತಿದೆ. ಗೆದ್ದವನು ಆ ಹಣವನ್ನೇ ಮತ್ತೆ ಹೂಡುತ್ತಾನಾದುದರಿಂದ, ಪ್ರತಿ ಸುತ್ತಿನಲ್ಲಿಯೂ ಸೊನ್ನೆಯು ತನ್ನ ತೆರಿಗೆಯನ್ನು ವಸೂಲುಮಾಡುತ್ತಲೇ ಹೋಗುತ್ತದೆ.

ರಾತ್ರಿ ಹನ್ನೊಂದರ ಹೊತ್ತಿಗೆ ರಾಯರು ನನ್ನ ಬಳಿಗೆ ಬಂದು, “ಸ್ವಾಮಿ, ಇನ್ನೂರು ಡಾಲರಿದ್ದರೆ ಕೊಡಿ. ಏಳು ಸಲ ಕಪ್ಪೇ ಬಂದಿದೆ, ಇನ್ನು ಕೆಂಪು ಬರಲೇಬೇಕು” ಎಂದರು. ಚಕ್ರಕ್ಕೆ ನೆನಪಿಲ್ಲ, ಎಂಟನೆಯ ಸಲವೂ ಕೆಂಪಿಗಿರುವುದು 37ರಲ್ಲಿ 18ರ ಅವಕಾಶವೇ ಎಂದು ನಾನು ಹೇಳಿದೆ. 1913ರಲ್ಲಿ ಮಾಂಟೆ ಕಾರ್ಲೋ ನಗರದಲ್ಲಿ 26 ಸಲ ಒಂದೇ ಸಮನೆ ಕಪ್ಪು ಬಂದು, ಕೆಂಪನ್ನು ನೆಚ್ಚಿದವರೆಲ್ಲ ಬರಿಗೈಯಾದ ಪ್ರಸಂಗವನ್ನೂ ನೆನಪಿಸಿದೆ. ಅವರಿಗೆ ಬೇಕಾಗಿದ್ದುದು ಗಣಿತವಲ್ಲ. ಬಾಗಿಲಲ್ಲಿ ಅವರ ಮನೆಯವರು ಮಾತಿಲ್ಲದೆ ನಿಂತಿದ್ದರು. ನಲವತ್ತು ವರ್ಷಗಳ ಸ್ನೇಹದಲ್ಲಿ ರಾಯರು ನನ್ನಲ್ಲಿ ಹಣ ಕೇಳಿದ್ದು ಅದೊಂದೇ ಸಲ. ನಾನು ಕೊಡಲಿಲ್ಲ. ಉಳಿದ ಎರಡು ದಿನ ಅವರು ನನ್ನೊಡನೆ ಮಾತನಾಡಲಿಲ್ಲ.

ಬೆಂಗಳೂರಿಗೆ ಮರಳಿದ ಮೇಲೆ ಅವರೇ ಒಂದು ಸಂಜೆ ವಾದಕ್ಕೆ ಬಂದರು. “ಹೂವಾಡಗಿತ್ತಿಯೂ ಜೂಜಾಡುವವಳೇ ಅಲ್ಲವೆ? ಬೆಳಗಿನ ಜಾವ ಮಾರ್ಕೆಟ್ಟಿನಿಂದ ತಂದದ್ದು ಸಂಜೆಗೆ ಬಾಡಿದರೆ ಅವಳೂ ಸೋತಂತೆಯೇ.” ಮಾತು ಚಮತ್ಕಾರವಾಗಿದೆ. ಆದರೆ ಅವಳ ಸೋಲುಗೆಲವುಗಳಲ್ಲಿ ಅವಳ ಕಣ್ಣಿನ, ಕೈಯ, ನಾಲಗೆಯ ಪಾಲುಂಟು. ಅವಳು ಗೆದ್ದ ದಿನ ಕೊಂಡವರ ಮನೆಯ ದೇವರಿಗೂ ಹೂವು ಸಲ್ಲುತ್ತದೆ. ಚಕ್ರದ ಮುಂದೆ ಒಬ್ಬನ ಗೆಲವೆಂದರೆ ಇನ್ನೊಬ್ಬನ ಸೋಲು. ಹೊಸದಾಗಿ ಹುಟ್ಟುವುದು ಏನೂ ಇಲ್ಲ. ಸಿಂಗಪುರದ ಸರ್ಕಾರವು 2010ರಲ್ಲಿ ಎರಡು ಜೂಜಿನ ಶಾಲೆಗಳಿಗೆ ಎಡೆಕೊಟ್ಟಿತು. ಆದರೆ ತನ್ನ ಪ್ರಜೆಗಳು ಒಳಗೆ ಹೋಗಬೇಕಾದರೆ ದಿನಕ್ಕೆ ನೂರು ಡಾಲರು ಸುಂಕ ತೆರಬೇಕೆಂದು ವಿಧಿಸಿ, 2019ರಲ್ಲಿ ಅದನ್ನು 150ಕ್ಕೆ ಏರಿಸಿತು. ಗೋವೆಯಲ್ಲಿ 2020ರಿಂದ ಅಲ್ಲಿಯ ನಿವಾಸಿಗಳೇ ಆಡಲು ಹೋಗಕೂಡದೆಂದು ನಿಷೇಧವಾಯಿತು. ತಾನು ಮಾಡಿದ ಅಡಿಗೆಯನ್ನು ತನ್ನ ಮಕ್ಕಳಿಗೆ ಬಡಿಸದ ಭಟ್ಟನ ವಿಷಯದಲ್ಲಿ ಇನ್ನು ಹೆಚ್ಚಿನ ಸಾಕ್ಷ್ಯವೇಕೆ?

ಆದರೂ ರಾಯರನ್ನು ನಿಂದಿಸಲು ನನಗೆ ಮನಸ್ಸಿಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ, ತಾರೆಕಾಯಿಯ ದಾಳಗಳಿಗೆ ಸೋತು ಸಂಸಾರವನ್ನು ಕಳೆದುಕೊಂಡವನೊಬ್ಬನ ಗೋಳಿದೆ. ಧರ್ಮರಾಯನು ಒಮ್ಮೆ ಎಲ್ಲವನ್ನೂ ಸೋತು, ಮತ್ತೆ ಕರೆದಾಗ ಮತ್ತೆ ಹೋಗಿ ಕುಳಿತನು. ಮೂವತ್ತೈದು ವರ್ಷ ಕೂಡಿದ ಮೊತ್ತವು ಸರಿಹೋಗಲೇಬೇಕಾದ ಪುಸ್ತಕಗಳ ನಡುವೆ ಬಾಳಿದವರಿಗೆ, ಮುಂದೇನು ಬರುವುದೋ ತಿಳಿಯದ ಒಂದು ಕ್ಷಣವು ಎಷ್ಟು ಮಾದಕವಾಗಿರಬಹುದು! ಹಣದಾಸೆಗಿಂತಲೂ ಆ ಕ್ಷಣದ ಆಸೆಯೇ ಅವರನ್ನು ಅಲ್ಲಿ ಕೂರಿಸಿತೆಂದು ನನ್ನ ನಂಬಿಕೆ.

ಅಂದು ಹೊರಡುವಾಗ ರಾಯರು ಮೆಲ್ಲನೆ ಹೇಳಿದರು: “ಪುಸ್ತಕದಲ್ಲಿ ಬರೆದೆ, ಸ್ವಾಮಿ. ಮಗ ‘ಪ್ರವಾಸದ ಖರ್ಚು’ ಎಂದು ಬರೆಯಿರಿ ಎಂದ. ನಾನು ‘ಜೂಜು’ ಎಂದೇ ಬರೆದು, ಅವಳಿಗೂ ತೋರಿಸಿದೆ.”

ಲೆಕ್ಕ ತನಿಖೆಯವರ ಕೈ ಕೊನೆಗೂ ಸುಳ್ಳು ಬರೆಯಲಿಲ್ಲ.