ಕೊಂಡಜ್ಜಿಯ ಏರಿಯೂ ಬ್ರೈಟನ್ನಿನ ಧಕ್ಕೆಯೂ

ನಮ್ಮ ಸೀಮೆಗೆ ಸಮುದ್ರವು ದೂರವಾದುದರಿಂದ, ಗುಡ್ಡಗಳ ನಡುವಣ ಕೊಂಡಜ್ಜಿಯ ಕೆರೆಯೇ ನಮ್ಮ ಬಾಲಿಕೆಯರಿಗೆ ಕಡಲು. ಈಜಲರಿಯದವರು ನೀರಿನ ಸೊಗಸನ್ನು ಸವಿಯುವುದೆಂತು? ಇಂಗ್ಲೆಂಡಿನವರಿಗೆ ಇದರ ಉಪಾಯವು ಹಡಗುಗಳಿಂದ ದೊರೆಯಿತು. 1823ರಲ್ಲಿ ಬ್ರೈಟನ್ ಪಟ್ಟಣದಲ್ಲಿ ಸರಪಳಿಗಳಿಂದ ತೂಗುಬಿಟ್ಟ ಧಕ್ಕೆಯನ್ನು ಕಟ್ಟಿದ್ದು ಫ್ರಾನ್ಸಿಗೆ ಹೋಗುವ ಹಡಗುಗಳಿಗಾಗಿ; ಆದರೆ ಹಡಗು ಹತ್ತದವರೇ ಸುಂಕ ತೆತ್ತು, ಅಲೆಗಳ ಮೇಲೆ ಕಾಲು ನೆನೆಯದಂತೆ ಅಡ್ಡಾಡತೊಡಗಿದರು. 1896ರ ಬಿರುಗಾಳಿ ಅದನ್ನು ಕೆಡವಿತು. ಅಷ್ಟರೊಳಗೆ, ಯೂಜೀನಿಯಸ್ ಬರ್ಚ್ ಎಂಬ ಎಂಜಿನಿಯರರು ಯೋಜಿಸಿದ ಪಶ್ಚಿಮ ಧಕ್ಕೆಯು 1866ರಲ್ಲಿ ಅಲ್ಲಿಯೇ ತೆರೆದಿತ್ತು. ಇದಾದರೋ ಕೇವಲ ವಿಹಾರಕ್ಕೆ. ಕಬ್ಬಿಣದ ಕಂಬಗಳ ಮೇಲೆ ಕ್ರಮೇಣ ನಾಟಕಶಾಲೆ, ಸಂಗೀತಶಾಲೆಗಳೆದ್ದವು. ಸಮುದ್ರದ ನಡುವೆ ಬಾಜಾಬಜಂತ್ರಿ! ಉಪ್ಪುಗಾಳಿಗೆ ಕಬ್ಬಿಣ ಉಳಿಯದಷ್ಟೆ. ದುರಸ್ತಿಗೆ ಹಣ ಸಾಲದೆ 1975ರಲ್ಲಿ ಅದನ್ನು ಮುಚ್ಚಿದರು. 2003ರಲ್ಲಿ ಬೆಂಕಿಗೆ ತುತ್ತಾಯಿತು.

ನಮ್ಮ ಕೆರೆಯ ಏರಿಯು ವಿಹಾರಕ್ಕೆಂದು ಕಟ್ಟಿದ್ದಲ್ಲ. ನೀರನ್ನು ತಡೆಯಲು ಕಟ್ಟಿದ್ದು. ಆದರೂ ಅಂಜುಬುರುಕರಿಗೆ ಅದು ಧಕ್ಕೆಯ ಕೆಲಸವನ್ನೇ ಮಾಡುವುದು. ಹೆಣ್ಣುಮಕ್ಕಳು ನೀರಿನ ಬಳಿ ಸುಳಿಯಲಾಗದೆಂದು ಕೆಲವು ಪೋಷಕರು ವಿಹಾರಕ್ಕೆ ಒಪ್ಪಿಗೆ ಕೊಡರು. ಆ ಭಯವು ನಮಗೂ ಉಂಟು. ಆದುದರಿಂದಲೇ ಏರಿಯಿಂದ ಒಬ್ಬಳನ್ನೂ ಕೆಳಗಿಳಿಯಗೊಡುವುದಿಲ್ಲ. ಮುಂದಿನ ಬಾರಿ ತಾಯಂದಿರೂ ಬುತ್ತಿ ಕಟ್ಟಿಕೊಂಡು ನಮ್ಮೊಡನೆ ಬರಲಿ. ಏರಿಯ ಮೇಲೆ ಎಲ್ಲರಿಗೂ ಜಾಗವಿದೆ.