‘ಅಕ್ಕ’ ಕಾಣೆಯಾದ ಎರಡು ದಿನ

ಹೊಸದುರ್ಗ
ಭಾನುವಾರ ರಾತ್ರಿ

ಪುಟ್ಟಾ,

ಅಮ್ಮನ ಮಂಡಿನೋವು ಹಾಗೇ ಇದೆ, ಆದ್ರೂ ಬೆಳಿಗ್ಗೆ ಎದ್ದು ಗರಿ ಸೀಳಿ ಪೊರಕೆ ಕಟ್ಟೋದು ಬಿಟ್ಟಿಲ್ಲ. ಉಳಿದಂತೆ ಎಲ್ಲ ಕ್ಷೇಮ. ಫೋನಲ್ಲಿ ಹೇಳೋಕೆ ಹೋದ್ರೆ ನೀನು ಅರ್ಧಕ್ಕೇ ‘ಎನಿಡೆಸ್ಕ್ ಆನ್ ಮಾಡು, ನಾನೇ ನೋಡ್ತೀನಿ’ ಅಂತೀಯ. ಅದಕ್ಕೇ ಬರೀತಿದ್ದೀನಿ.

ಅಂಗಡಿಯ ದೊಡ್ಡ ಕಂಪ್ಯೂಟರ್ ಆನ್ ಆಗೋಕೇ ಕಾಲು ಗಂಟೆ ತಗೊಳ್ತಿತ್ತು. ಸಿಪಿಯು ಗೋಣಿಚೀಲಕ್ಕೆ ಹಾಕಿ, ತೊಡೆ ಮೇಲಿಟ್ಕೊಂಡು ಹಿರಿಯೂರಿಗೆ ಹೋದೆ. ರಿಪೇರಿ ಹುಡುಗ ವಿಂಡೋಸ್ 10 ಹೊಸದಾಗಿ ಹಾಕಿ ‘ಆಯ್ತಕ್ಕ’ ಅಂತ ಕಳಿಸಿದ. ಇಲ್ಲಿ ಬಂದು ವೈರ್ ಚುಚ್ಚಿದ್ರೆ ನೆಟ್ಟೇ ಇಲ್ಲ. ವೈಫೈ ಗುರುತೂ ಮಾಯ. ಪಹಣಿಗೆ ಬಂದವರು ಸಾಲಲ್ಲಿ ನಿಂತಿದ್ರು. ‘ನೆಟ್‌ವರ್ಕ್ ಕಾರ್ಡ್ ಸುಟ್ಟಿದೆ, ಹೊಸದು ಹಾಕ್ಸಮ್ಮ’ ಅಂತ ಅವರಲ್ಲೊಬ್ಬರ ಸಲಹೆ ಬೇರೆ.

ನೀನು ಹೇಳಿಕೊಟ್ಟ ಹಾಗೆ ಡಿವೈಸ್ ಮ್ಯಾನೇಜರ್ ತೆಗೆದೆ. ‘ಎತರ್ನೆಟ್ ಕಂಟ್ರೋಲರ್’ ಅಂತ ಇತ್ತು, ಪಕ್ಕದಲ್ಲಿ ಹಳದಿ ಗುರುತು. ಹೆಸರಾದ್ರೂ ಬಂದಿದೆ ಅಂದ್ಮೇಲೆ ಕಾರ್ಡ್ ಜೀವಂತ ಇದೆ, ಡ್ರೈವರ್ ಮಾತ್ರ ಇಲ್ಲ ಅಂದ್ಕೊಂಡೆ. ಡ್ರೈವರ್ ಬೇಕಂದ್ರೆ ನೆಟ್ ಬೇಕು, ನೆಟ್ ಬೇಕಂದ್ರೆ ಡ್ರೈವರ್ ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ! ಕೊನೆಗೆ ಮೊಬೈಲಿಗೆ ಚಾರ್ಜರ್ ವೈರ್ ಹಾಕಿ ಕಂಪ್ಯೂಟರಿಗೆ ಚುಚ್ಚಿ, ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ. ಅದಕ್ಕೆ ಬೇರೆ ಡ್ರೈವರ್ ಕೇಳಲಿಲ್ಲ. ಆ ನೆಟ್ಟಲ್ಲಿ ವಿಂಡೋಸ್ ಅಪ್‌ಡೇಟ್ ಕಾರ್ಡಿನ ಡ್ರೈವರನ್ನ ತಾನೇ ಹುಡುಕಿ ಹಾಕ್ಕೊಂಡಿತು.

ನೆಟ್ ಬಂತು. ಆದ್ರೆ ನೆಟ್‌ವರ್ಕ್ ಲಿಸ್ಟಲ್ಲಿ ಒಳಗಿನ ಕಂಪ್ಯೂಟರೂ ಇಲ್ಲ, ಝೆರಾಕ್ಸ್ ಮೆಷಿನ್ನೂ ಇಲ್ಲ. ಮೆಷಿನ್ನಿನ ಐಪಿ ನಂಬರಿಗೆ ಪಿಂಗ್ ಹೊಡೆದ್ರೆ ಮಾತ್ರ ಪಟಪಟ ರಿಪ್ಲೈ. ಅಂದ್ರೆ ಮನೇಲೇ ಇದ್ದಾರೆ, ಬಾಗಿಲು ತೆಗೀತಿಲ್ಲ. ಹೊಸ ವಿಂಡೋಸ್‌ಗೆ ನಮ್ಮ ಅಂಗಡಿಯೂ ಒಂದೇ, ಬಸ್ ಸ್ಟ್ಯಾಂಡೂ ಒಂದೇ. ‘ಪಬ್ಲಿಕ್’ ಅಂತ ಬರ್ಕೊಂಡು ಮುಸುಕು ಹಾಕಿ ಕೂತಿತ್ತು. ‘ಪ್ರೈವೇಟ್’ ಮಾಡಿ, ನೆಟ್‌ವರ್ಕ್ ಡಿಸ್ಕವರಿ ಆನ್ ಮಾಡಿದ್ಮೇಲೆ ಒಂದೊಂದಾಗಿ ಬಂದ್ವು.

ಇದಕ್ಕೇ ಯೂಟ್ಯೂಬಲ್ಲಿ ಒಬ್ಬ, ಫೈಲ್ ಶೇರಿಂಗಿನ ಹಳೇ ದಾರಿ ಎಸ್‌ಎಂಬಿ 1 ಆನ್ ಮಾಡಿ ಅಂದಿದ್ದ. ನಾನು ಮುಟ್ಟಲಿಲ್ಲ. 2017ರಲ್ಲಿ ವಾನಾಕ್ರೈ ವೈರಸ್ ಆ ಕಿಂಡಿಯಿಂದಲೇ ನುಗ್ಗಿದ್ದು ಅಂತ ನೀನೇ ಹೆದರಿಸಿದ್ದೆ.

ಎರಡನೇ ದಿನ ಪ್ರಿಂಟ್ ಸರಿಯಾಗಿ ಬರ್ತಿತ್ತು, ಸ್ಕ್ಯಾನ್ ಮಾತ್ರ ಬರ್ತಿರಲಿಲ್ಲ. ಝೆರಾಕ್ಸ್ ಮೆಷಿನ್ನಿನ ಚಿಕ್ಕ ಪರದೆ ಮೇಲೆ ಅಡ್ರೆಸ್ ಬುಕ್ ಒತ್ತಿದೆ. ಅಲ್ಲಿ ಒಂದೇ ಹೆಸರು: ‘ಅಕ್ಕ’.

2022ರಲ್ಲಿ ಮಾರಿಕಣಿವೆ ಡ್ಯಾಂ 89 ವರ್ಷದ ಮೇಲೆ ಕೋಡಿ ಬಿತ್ತಲ್ಲ, ನೋಡೋಕೆ ಅಂತ ಬಂದವನು ರಾತ್ರಿಯೆಲ್ಲ ಅಂಗಡಿಯಲ್ಲಿ ಕೂತು ವೈರ್ ಎಳೆದಿದ್ದೆ, ನೆನಪಿದೆಯಾ? ಕಂಪ್ಯೂಟರಿಗೆ ಆ ಹೆಸರು ಇಟ್ಟಿದ್ದು ಆವಾಗಲೇ ಇರ್ಬೇಕು. ನನಗೆ ಹೇಳೇ ಇರಲಿಲ್ಲ ಕಳ್ಳ. ಈಗ ಹೊಸ ವಿಂಡೋಸಲ್ಲಿ ಅದರ ಹೆಸರು ಡೆಸ್ಕ್‌ಟಾಪ್ ಅಂತ ಶುರುವಾಗಿ ಏನೇನೋ ಅಕ್ಷರ. ಮೆಷಿನ್ ಪಾಪ ಎರಡು ದಿನ ಅಕ್ಕನ್ನೇ ಕೂಗ್ತಿತ್ತು.

ಕಂಪ್ಯೂಟರಿನ ಹೆಸರು ಮತ್ತೆ ‘ಅಕ್ಕ’ ಅಂತ ಬದಲಾಯಿಸಿ ರೀಸ್ಟಾರ್ಟ್ ಕೊಟ್ಟೆ. ಡಿ ಡ್ರೈವಲ್ಲಿ ಸ್ಕ್ಯಾನ್ ಫೋಲ್ಡರ್ ಇತ್ತು, ಶೇರಿಂಗ್ ಹೋಗಿತ್ತು; ಅದನ್ನೂ ಹಳೇ ಯೂಸರ್, ಹಳೇ ಪಾಸ್‌ವರ್ಡಲ್ಲೇ ಮಾಡಿದೆ. ಮೊದಲ ಸ್ಕ್ಯಾನ್ ಬಂದಿದ್ದು ಹೊಳಲ್ಕೆರೆ ಕಡೆಯ ಅಜ್ಜಿಯೊಬ್ಬರ ಆಧಾರ್. ದುಡ್ಡು ತಗೊಳ್ಳಲಿಲ್ಲ.

ನೀನೂ ಯಾವುದಾದ್ರೂ ಮೆಷಿನ್ ಫಾರ್ಮ್ಯಾಟ್ ಮಾಡೋ ಮುಂಚೆ ಹೆಸರು, ಐಪಿ, ಪಾಸ್‌ವರ್ಡ್ ಒಂದು ಪುಸ್ತಕದಲ್ಲಿ ಬರೆದಿಡು. ಲ್ಯಾನ್ ಡ್ರೈವರ್ ಪೆನ್‌ಡ್ರೈವಿಗೆ ಹಾಕ್ಕೋ. ಊರಿಗೆಲ್ಲ ಹೇಳ್ತೀಯ, ನಿಂದು ನೀನು ಮಾಡಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದೆ, ನಮ್ಮ ಮೆಷಿನ್ನಿಗೆ 11 ಹತ್ತಲ್ಲ ಅಂತಿದ್ದಾರೆ. ಅದನ್ನ ನಿನ್ನನ್ನೇ ಕೇಳ್ಬೇಕು.

ರಾತ್ರಿಪಾಳಿ ಮುಗಿಸಿ ಬರೀ ಬಿಸ್ಕತ್ತು ತಿಂದು ಮಲಗ್ತೀಯಂತೆ, ಅಮ್ಮನಿಗೆ ಯಾರೋ ಹೇಳಿದ್ದಾರೆ. ಇದೆಲ್ಲ ಆದ್ಮೇಲೆ ಈಗ ಒಳಗಿನ ಕೋಣೆಗೆ ಹೋಗೋ ವೈರನ್ನ ಇಲಿ ಕಡಿದಿದೆ. ದೀಪಾವಳಿಗೆ ಬರುವಾಗ ಹದಿನೈದು ಮೀಟರ್ ಕೇಬಲ್ ತಗೊಂಡು ಬಾ.

ನಿನ್ನ ಅಕ್ಕ